ಪೀಠಿಕೆಗೆ ಬಿದ್ದ ಕತ್ತರಿ: ಬೆಂಗಳೂರು ನಾಗರತ್ನಮ್ಮನವರ ಗ್ರಂಥಸಂಪಾದನೆ

ಹೈದರಾಬಾದಿನ ‘ಅನ್ವೇಷಿ’ ಮಹಿಳಾ ಅಧ್ಯಯನ ಕೇಂದ್ರದ ಬಳಗದವರಾದ ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ ‘ವಿಮೆನ್ ರೈಟಿಂಗ್ ಇನ್ ಇಂಡಿಯಾ’ ಸಂಪುಟಗಳನ್ನು (1991, 1993) ನಾವು ಸಾಮಾನ್ಯವಾಗಿ ಅಕ್ಕಮಹಾದೇವಿ, ಸೂಳೆ ಸಂಕವ್ವೆ, ಸಂಚಿ ಹೊನ್ನಮ್ಮನವರಿಗಾಗಿ ತೆರೆಯುತ್ತೇವೆ. ಆದರೆ ಅದರ ಪ್ರಸ್ತಾವನೆ ಆರಂಭವಾಗುವುದು ತೆಲುಗು ಕಾವ್ಯವೊಂದಕ್ಕಾಗಿ ಕನ್ನಡ ನೆಲದ ಹೆಣ್ಣೊಬ್ಬಳು ನಡೆಸಿದ ವ್ಯಾಜ್ಯದಿಂದ. ಕನ್ನಡ ವಿಮರ್ಶೆ ಇದನ್ನು ತನ್ನ ವಿಷಯವೆಂದು ಭಾವಿಸಿದಂತೆ ಕಾಣುವುದಿಲ್ಲ.

1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ನಾಗರತ್ನಮ್ಮ ದೇವದಾಸಿ ಮನೆತನದ ಸಂಗೀತ ವಿದುಷಿ. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಅವರಿಗೆ ಮೊದಲು ದೊರೆತದ್ದು ಸಿ. ಪಿ. ಬ್ರೌನನ ಸಹವರ್ತಿಯಾಗಿದ್ದ ವೆಂಕಟನರಸು ಅವರ 1887ರ ಆವೃತ್ತಿಯ ಮೂಲಕ. ಅದರಲ್ಲಿ ಕೆಲವು ಶೃಂಗಾರಪದ್ಯಗಳಿರಲಿಲ್ಲ, ಪೀಠಿಕೆಯೂ ಇರಲಿಲ್ಲ. ಶೃಂಗಾರವನ್ನು ತೆಗೆದದ್ದು ಆ ಕಾಲದ ಮಡಿವಂತಿಕೆಗೆ ತಕ್ಕದ್ದೇ ಎನ್ನೋಣ. ಪೀಠಿಕೆ ಮಾಡಿದ ಅಪರಾಧವೇನು? ಅಲ್ಲಿ ಕವಯಿತ್ರಿ ಅಜ್ಜಿ ತಂಜನಾಯಕಿಯನ್ನೂ ಸೋದರತ್ತೆಯನ್ನೂ ನೆನೆದು, ತನ್ನ ವಿದ್ಯೆಯ ಪರಂಪರೆಯನ್ನು ಹೆಂಗಸರ ಮೂಲಕ ಗುರುತಿಸಿಕೊಂಡಿದ್ದಾಳೆ. ಆ ಪುಟಗಳು ಹೋದೊಡನೆ ಮನೆಯ ಹೆಣ್ಣುಗಳಿಗೆ ಆಕೆ ಸಲ್ಲಿಸಿದ ಗೌರವವೂ ಹೋಯಿತು; ಉಳಿದದ್ದು ಹಿಂದುಮುಂದಿಲ್ಲದ ಒಬ್ಬ ಆಸ್ಥಾನಗಣಿಕೆ. ನಮ್ಮ ದೃಷ್ಟಿಯಲ್ಲಿ ಹೆಚ್ಚಿನ ನಷ್ಟ ಇದೇ.

ನಾಗರತ್ನಮ್ಮ ಹಸ್ತಪ್ರತಿಯನ್ನು ದೊರಕಿಸಿಕೊಂಡು, ಅಚ್ಚಿನ ಪ್ರತಿಯೊಡನೆ ತಾಳೆನೋಡಿ, 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ಣಪಾಠವನ್ನು ಹೊರತಂದರು. ‘ಆಂಧ್ರ ಕವುಲ ಚರಿತ್ರಮು’ವಿನಲ್ಲಿ ಈ ಕಾವ್ಯವನ್ನು ಕಟುವಾಗಿ ನಿಂದಿಸಿದ್ದ ಕಂದುಕೂರಿ ವೀರೇಶಲಿಂಗಂ ಅವರಿಗೆ, ಸಂಕೋಚವೆಂಬುದು ಹೆಂಗಸರ ಬರವಣಿಗೆಗೆ ಮಾತ್ರ ಏಕೆ ಅನ್ವಯಿಸಬೇಕೆಂಬ ಪ್ರಶ್ನೆಯನ್ನೆತ್ತಿ ಉತ್ತರಿಸಿದರು. ಪುಸ್ತಕ ಅಶ್ಲೀಲವೆಂದು ಮುಟ್ಟುಗೋಲಾಯಿತು. ಟಂಗುಟೂರಿ ಪ್ರಕಾಶಂ ಅವರ ಆಡಳಿತಕಾಲದಲ್ಲಿ ನಿಷೇಧ ತೆರವಾಗಿ, 1952ರಲ್ಲಿ ಅದು ಮತ್ತೆ ಅಚ್ಚಾಯಿತು. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ.

ಕನ್ನಡದಲ್ಲಿ ಅವರಿಗೆ ಮಾನ್ಯತೆಯಿಲ್ಲವೆಂದಲ್ಲ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಮಂದಿರ ಕಟ್ಟಿಸಿದ ಭಕ್ತೆಯೆಂದು ಅವರನ್ನು ಆಗಾಗ ಕೊಂಡಾಡುತ್ತೇವೆ. ಆದರೆ ಭಕ್ತೆಯನ್ನು ಗೌರವಿಸುವುದು ಸುಲಭ. ಪಾಠಾಂತರ ಹಿಡಿದು ದೊಡ್ಡ ವಿದ್ವಾಂಸರನ್ನು ಪ್ರಶ್ನಿಸಿದ ಸಂಪಾದಕಿಯನ್ನು ಗೌರವಿಸಬೇಕಾದರೆ ಆಕೆಯ ಕೆಲಸವನ್ನು ಓದಬೇಕು. ಕೆಲಸ ತೆಲುಗಿನದಾದ್ದರಿಂದ ಕನ್ನಡ ಸಾಹಿತ್ಯಚರಿತ್ರೆಗೆ ಹೊರಗು; ಸಂಪಾದಕಿ ಕನ್ನಡನಾಡಿನವಳಾದ್ದರಿಂದ ತೆಲುಗಿನಲ್ಲಿ ಅತಿಥಿ. ಭಾಷಾವಾರು ಚರಿತ್ರೆಗಳ ಗೋಡೆ ಇಲ್ಲಿ ಎರಡು ಕಡೆಯಿಂದಲೂ ಅಡ್ಡ ಬಂದಿದೆ.

ಹೈದರಾಬಾದಿನ ಸಂಪಾದಕಿಯರು ಈ ಪ್ರಸಂಗವನ್ನು ಮೊದಲಿಗೇ ಇರಿಸಿದ್ದು ಸರಿಯಾದ ನಿರ್ಧಾರ. ಒಂದು ಆಕ್ಷೇಪ ಮಾತ್ರ ಉಳಿಯುತ್ತದೆ. ಆಯ್ದ ಭಾಗಗಳನ್ನು ಕೊಡುವ ಸಂಕಲನವೂ ಒಂದು ಬಗೆಯ ಕತ್ತರಿಯೇ. ‘ಹದಿಬದೆಯ ಧರ್ಮ’ದಿಂದ ಹೆಣ್ಣಿನ ಪರವಾದ ಪ್ರಸಿದ್ಧ ಪದ್ಯವನ್ನಷ್ಟೇ ಓದಿದ ಹೊರಗಿನ ವಿದ್ಯಾರ್ಥಿಗೆ, ಆ ಕೃತಿಯ ಬಹುಭಾಗ ಪತಿವ್ರತೆಯ ಕರ್ತವ್ಯಗಳ ನಿರೂಪಣೆಯೆಂಬುದು ಹೊಳೆಯದೆ ಹೋಗಬಹುದು. ನಾಗರತ್ನಮ್ಮ ಪಟ್ಟುಹಿಡಿದದ್ದು ಪೂರ್ಣಪಾಠಕ್ಕೆ. ಕನ್ನಡ, ತೆಲುಗು ಎರಡೂ ಲಿಪಿ ಬಲ್ಲವರು ಹೈದರಾಬಾದಿನಲ್ಲಿ ವಿರಳವಲ್ಲ. 1887 ಮತ್ತು 1910ರ ಮುದ್ರಣಗಳನ್ನು ಪದ್ಯವಾರು ಹೋಲಿಸುವ ಕೆಲಸವನ್ನು ಅವರಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬೇಕೆಂದು ನಮ್ಮ ಅಪೇಕ್ಷೆ.