ಆಂಗ್ಲೋ-ಇಂಡಿಯನ್ ಎಂಬ ಪದದೊಳಗೆ ತಾಯಿ ಎಲ್ಲಿ?

ನಮ್ಮ ಸಂವಿಧಾನದ 366ನೇ ವಿಧಿ ಪದಗಳಿಗೆ ಅರ್ಥ ಹೇಳುವ ವಿಧಿ. ಸಾಲ, ಪಿಂಚಣಿ, ರೈಲ್ವೆ ಮುಂತಾದ ಒಣ ಪದಗಳ ಆ ಪಟ್ಟಿಯಲ್ಲಿ ಮೊದಲನೆಯದು ಕೃಷಿ ಆದಾಯ. ಎರಡನೆಯದು ಆಂಗ್ಲೋ-ಇಂಡಿಯನ್. ಯಾರ ತಂದೆ, ಅಥವಾ ತಂದೆಯ ಕಡೆಯ ಗಂಡು ಪೀಳಿಗೆಯಲ್ಲಿ ಯಾರಾದರೊಬ್ಬ ಹಿರೀಕ, ಯುರೋಪಿಯನ್ ಮೂಲದವನೋ, ಯಾರು ಈ ದೇಶದಲ್ಲಿ ಕಾಯಂ ಆಗಿ ನೆಲೆಸಿದ ತಂದೆತಾಯಿಗೆ ಇಲ್ಲಿಯೇ ಹುಟ್ಟಿ ಇಲ್ಲಿಯೇ ಉಳಿದವರೋ, ಅವರು ಆಂಗ್ಲೋ-ಇಂಡಿಯನ್. ವಿವರಣೆಯ ತಾತ್ಪರ್ಯ ಇಷ್ಟು. 1935ರ ಭಾರತ ಸರಕಾರ ಕಾಯ್ದೆಯಿಂದ ಇದು ಹೆಚ್ಚುಕಡಿಮೆ ಹಾಗೆಯೇ ಇಳಿದು ಬಂದಿದೆ.

ಇದನ್ನು ವಕೀಲರಂತಲ್ಲದೆ ಕಥೆ ಓದುವವರಂತೆ ಓದಿದರೆ ವಿಚಿತ್ರ ಸಂಗತಿಗಳು ಕಾಣುತ್ತವೆ. ಹೆಸರಿನಲ್ಲಿ 'ಆಂಗ್ಲೋ' ಇದ್ದರೂ ಅರ್ಥದಲ್ಲಿ ಇಂಗ್ಲಿಷಿನವನೇ ಬೇಕೆಂದಿಲ್ಲ. ಪೋರ್ಚುಗೀಸ್, ಡಚ್, ಫ್ರೆಂಚ್ ಯಾವ ಅಜ್ಜನಾದರೂ ಸಾಕು. ಆದರೆ ಅಜ್ಜಿ ಸಾಲದು. ಇಂಗ್ಲಿಷ್ ಹೆಂಗಸೊಬ್ಬಳು ಭಾರತೀಯನನ್ನು ಮದುವೆಯಾದರೆ ಅವಳ ಮಕ್ಕಳು ಈ ಹೆಸರಿಗೆ ಬಾಧ್ಯರಲ್ಲ. ಆಂಗ್ಲೋ-ಇಂಡಿಯನ್ ಹೆಣ್ಣುಮಗಳು ಹೊರಗಿನ ಭಾರತೀಯನನ್ನು ಮದುವೆಯಾದರೂ ಅಷ್ಟೇ. ಈ ಸಮುದಾಯವನ್ನು ಭಾರತೀಯವಾಗಿಸಿದ ಮೊದಲ ಹೆಂಗಸು, ಅಂದರೆ ಸಿಪಾಯಿಯನ್ನೋ ಗುಮಾಸ್ತನನ್ನೋ ಕೂಡಿಕೊಂಡ ಮದರಾಸಿನ, ಹೈದರಾಬಾದಿನ, ಬಂಗಾಳದ ತಾಯಿ, ಆ ವಿವರಣೆಯಲ್ಲಿ ಇಲ್ಲವೇ ಇಲ್ಲ.

ಪದಕ್ಕೆ ಮೊದಲು ಈ ಅರ್ಥವಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಆಂಗ್ಲೋ-ಇಂಡಿಯನ್ ಅಂದರೆ ಭಾರತದಲ್ಲಿ ನೌಕರಿ ಮಾಡುವ ಅಪ್ಪಟ ಇಂಗ್ಲಿಷಿನವ. ರಡ್ಯಾರ್ಡ್ ಕಿಪ್ಲಿಂಗ್ ಆ ಅರ್ಥದಲ್ಲಿ ಆಂಗ್ಲೋ-ಇಂಡಿಯನ್ ಲೇಖಕ. ಮಿಶ್ರ ಸಂತತಿಯವರಿಗೆ ಯುರೇಷಿಯನ್, ಈಸ್ಟ್ ಇಂಡಿಯನ್, ಇಂಡೋ-ಬ್ರಿಟನ್ ಎಂಬ ಬೇರೆ ಹೆಸರುಗಳಿದ್ದವು. ಅದರ ಜೊತೆಗೆ ಬೈಗುಳಗಳೂ. ತಮಿಳು, ಮಲಯಾಳಂ ನಾಡಿನ ಜನ ಅವರ ಅಂಗಿ ನೋಡಿ 'ಚಟ್ಟಕಾರ' ಎಂದರು.

ಈ ಸಂತತಿ ಆಕಸ್ಮಿಕವಾಗಿ ಹುಟ್ಟಿದ್ದೇನಲ್ಲ. 1687ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರು ಮದರಾಸಿಗೆ ಬರೆದ ಕಾಗದದಲ್ಲಿ, ಸಿಪಾಯಿಗಳು ಇಲ್ಲಿನ ಹೆಂಗಸರನ್ನು ಮದುವೆಯಾಗಲಿ, ಹುಟ್ಟಿದ ಮಗುವಿನ ದೀಕ್ಷಾಸ್ನಾನದ ದಿನ ತಾಯಿಗೆ ಒಂದು ವರಹ ಕೊಡಲಿ ಎಂದು ಸೂಚಿಸಿದ್ದರು. ಲೆಕ್ಕದ ಪುಸ್ತಕದಲ್ಲಾದರೂ ತಾಯಿ ಇದ್ದ ಕಾಲ ಅದು. ನೂರು ವರ್ಷದಲ್ಲಿ ಗಾಳಿ ತಿರುಗಿತು. 1786ರಲ್ಲಿ ಕಲ್ಕತ್ತೆಯ ಅನಾಥಾಲಯದ ಇಂಥ ಮಕ್ಕಳು ಓದಿಗಾಗಿ ಇಂಗ್ಲೆಂಡಿಗೆ ಹೋಗುವುದನ್ನು ನಿಲ್ಲಿಸಿದರು. 1791ರಲ್ಲಿ ಕಂಪೆನಿಯ ಮುಖ್ಯ ಹುದ್ದೆಗಳು ಅವರಿಗೆ ಮುಚ್ಚಿದವು. 1795ರಲ್ಲಿ ಸೈನ್ಯದಲ್ಲಿ ವಾದ್ಯ ಬಾರಿಸುವ, ಕುದುರೆಗೆ ಲಾಳ ಕಟ್ಟುವಂಥ ಕೆಲಸ ಮಾತ್ರ ಉಳಿಯಿತು. ಬಹುಮಾನ ತಂದ ತಾಯಿಯೇ ಈಗ ಅನರ್ಹತೆಗೆ ಕಾರಣಳಾದಳು. ಮುಂದೆ ಈ ಸಮುದಾಯ ತಾಯಿಯ ಬಗ್ಗೆ ಬಾಯಿ ಬಿಡದಾದದ್ದನ್ನು ಬರೀ ಬಿಳಿತೊಗಲಿನ ಜಂಬ ಎಂದು ಹೀಗಳೆಯುವವರು ಈ ಮೂರು ಇಸವಿಗಳನ್ನು ನೆನಪಿಡಬೇಕು.

ನಮ್ಮ ನಾಡಿನಲ್ಲೇ ಪದದ ಹಳೆಯ ಅರ್ಥಕ್ಕೆ ಸಾಕ್ಷಿಯಿದೆ. ಇಂದು ಸಾಫ್ಟ್‌ವೇರ್ ಕಂಪೆನಿಗಳ ಹೆಸರಿನಿಂದ ಗುರುತಾಗುವ ವೈಟ್‌ಫೀಲ್ಡ್, 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಕೊಟ್ಟ ಸುಮಾರು 4,000 ಎಕರೆ ಜಮೀನಿನಲ್ಲಿ ಬೇಸಾಯದ ಊರಾಗಿ ಹುಟ್ಟಿತು. ಆ ಹೆಸರು ಬಂದದ್ದು ಡಿ.ಎಸ್. ವೈಟ್ ಎಂಬ ಮುಖಂಡನಿಂದ. ಜಮೀನು ಪಡೆದ ಸಂಘದ ಹೆಸರು 'ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘ'. ನಡುವಿನ ಆ 'ಮತ್ತು' ಗಮನಿಸಿ. ಆಗ ಅವರು ಎರಡು ಬಗೆಯ ಜನ. 1911ರ ಜನಗಣತಿಯ ಹೊತ್ತಿಗೆ ಸರಕಾರ ಯುರೇಷಿಯನ್ ಎಂಬುದನ್ನು ಬಿಟ್ಟು ಮಿಶ್ರ ಸಂತತಿಯವರನ್ನೇ ಆಂಗ್ಲೋ-ಇಂಡಿಯನ್ ಎಂದು ಕರೆಯತೊಡಗಿತು. ಸಾಹೇಬರು ತೊಟ್ಟು ಬಿಟ್ಟ ಕೋಟು ಇವರ ಮೈಗೇರಿತು.

ಸಾಹಿತ್ಯ, ಸಿನಿಮಾ ಈ ಕೋಟನ್ನು ಹೇಗೆ ನೋಡಿದವು? ಜಾನ್ ಮಾಸ್ಟರ್ಸ್‌ನ 'ಭೋವಾನಿ ಜಂಕ್ಷನ್' 1954ರ ಕಾದಂಬರಿ. ಬ್ರಿಟಿಷರು ಹೊರಟು ನಿಂತ ಹೊತ್ತಿನಲ್ಲಿ ವಿಕ್ಟೋರಿಯಾ ಜೋನ್ಸ್ ಎಂಬ ಆಂಗ್ಲೋ-ಇಂಡಿಯನ್ ಯುವತಿಯ ಮುಂದೆ ಮೂವರು ಗಂಡಸರು: ತನ್ನವನೇ ಆದ ರೈಲ್ವೆಯ ಪ್ಯಾಟ್ರಿಕ್, ಸಿಖ್ ಯುವಕ ರಂಜಿತ್, ಇಂಗ್ಲಿಷ್ ಕರ್ನಲ್ ಸ್ಯಾವೇಜ್. ಇದನ್ನು ಪ್ರೇಮದ ಗೊಂದಲ ಎಂದು ಓದುವುದೇ ವಾಡಿಕೆ. ನಮಗೆ ಹಾಗನ್ನಿಸುವುದಿಲ್ಲ. ತಂದೆಯಿಂದಲೇ ಹೆಸರು ಬರುವುದಾದರೆ ಹೆಣ್ಣು ತಾನಾಗಿ ಯಾರೂ ಅಲ್ಲ. ಯಾರನ್ನು ಕಟ್ಟಿಕೊಳ್ಳುತ್ತಾಳೋ ಅದರ ಮೇಲೆ ಅವಳ ಮಕ್ಕಳ ಜಾತಿ ನಿಂತಿದೆ. ಪ್ಯಾಟ್ರಿಕ್‌ನಾದರೆ ಮಕ್ಕಳು ಆಂಗ್ಲೋ-ಇಂಡಿಯನ್, ರಂಜಿತ್‌ನಾದರೆ ಸಿಖ್ಖರು, ಸ್ಯಾವೇಜ್‌ನಾದರೆ ಇಂಗ್ಲಿಷರು. 1935ರ ಕಾಯ್ದೆಯ ಒಂದು ವಾಕ್ಯವೇ ಇಲ್ಲಿ ಕಥೆಯ ಹಂದರವಾಗಿದೆ. ಕಾದಂಬರಿಯಲ್ಲಿ ಅವಳು ಪ್ಯಾಟ್ರಿಕ್‌ನ ಬಳಿಗೆ ಮರಳುತ್ತಾಳೆ. 1956ರ ಹಾಲಿವುಡ್ ಚಿತ್ರದಲ್ಲಿ ಅವಳನ್ನು ಸ್ಯಾವೇಜ್‌ನ ಪಾಲು ಮಾಡಿದರು. ಯಾರ ಟಿಕೇಟಿನ ದುಡ್ಡಿಗೆ ಈ ಬದಲಾವಣೆ ಎಂದು ಬಿಡಿಸಿ ಹೇಳಬೇಕಿಲ್ಲ.

1975ರ 'ಜೂಲಿ'ಯಲ್ಲೂ ಇದೇ ಹಂದರ. ಮಲಯಾಳಂನ 'ಚಟ್ಟಕಾರಿ'ಯಿಂದ ಬಂದ ಕಥೆ ಅದು. ಜೂಲಿಯ ಅಪ್ಪ ರೈಲ್ವೆ ನೌಕರ, ಕುಡುಕ. ಅಮ್ಮ ಮಾರ್ಗರೆಟ್ ಇಂಗ್ಲಿಷ್ ಠೀವಿಯವಳು. ಜೂಲಿ ಬಸಿರಾಗುವುದು ಶಶಿ ಭಟ್ಟಾಚಾರ್ಯನಿಂದ. ಕೊನೆಗೆ ಭಟ್ಟಾಚಾರ್ಯರ ಮನೆ ಮಗುವನ್ನು ಒಪ್ಪಿಕೊಳ್ಳುವಾಗ ಚಿತ್ರಮಂದಿರ ಕಣ್ಣೀರಾಗುತ್ತದೆ. ನಮಗೂ ಆ ದೃಶ್ಯ ಹಿಡಿಸುತ್ತದೆ. ಆದರೆ ಮಗುವನ್ನು ಒಪ್ಪುವ ಅಧಿಕಾರ ತಂದೆಯ ಮನೆಯದೇ ಎಂಬುದನ್ನು ಚಿತ್ರ ಒಂದು ಗಳಿಗೆಯೂ ಅನುಮಾನಿಸುವುದಿಲ್ಲ.

ಅಪರ್ಣಾ ಸೇನ್ ಅವರ '36 ಚೌರಂಗಿ ಲೇನ್' (1981) ಇವೆಲ್ಲಕ್ಕಿಂತ ಮೇಲಿನ ಕೃತಿ. ಅಲ್ಲಿ ವಯಲೆಟ್ ಸ್ಟೋನ್‌ಹ್ಯಾಮ್ ಮದುವೆಯಾಗದ ಶಿಕ್ಷಕಿ, ಷೇಕ್ಸ್‌ಪಿಯರ್ ಪಾಠ ಹೇಳುವವಳು. ಆಯ್ಕೆಗೆ ಗಂಡಸರಿಲ್ಲ, ಮಕ್ಕಳಿಲ್ಲ. ಅವಳನ್ನು ವಂಶದ ಲೆಕ್ಕದಿಂದ ಬಿಡಿಸಿ ಒಬ್ಬ ಮನುಷ್ಯಳನ್ನಾಗಿ ನೋಡಿದ್ದೇ ಈ ಚಿತ್ರದ ದೊಡ್ಡತನ. ತನ್ನ ಮನೆಯನ್ನು ಬಳಸಿಕೊಂಡ ಹಳೆಯ ವಿದ್ಯಾರ್ಥಿನಿ ಕ್ರಿಸ್‌ಮಸ್ ಔತಣಕ್ಕೆ ಕರೆಯದೆ ಹೋದಾಗ, ಬೀದಿನಾಯಿಯೊಂದಿಗೆ ಲಿಯರ್ ದೊರೆಯ ಮಾತು ಹೇಳುತ್ತ ಅವಳು ನಡೆಯುತ್ತಾಳೆ. ಅಂದಹಾಗೆ ವಯಲೆಟ್ ಆದದ್ದು ಇಂಗ್ಲೆಂಡಿನಲ್ಲಿ ಹುಟ್ಟಿದ ಜೆನಿಫರ್ ಕೆಂಡಲ್. ವಿಕ್ಟೋರಿಯಾ ಆದದ್ದು ಅಮೆರಿಕದ ಅವಾ ಗಾರ್ಡ್ನರ್. ಜೂಲಿಯ ಅಮ್ಮನಾದದ್ದು ಬಗ್ದಾದಿ ಯಹೂದಿ ಮನೆತನದ ನಾದಿರಾ.

ನಿಜವಾದ ಆಂಗ್ಲೋ-ಇಂಡಿಯನ್ ನಟಿ ಹಾಲಿವುಡ್‌ನಲ್ಲಿ ಬೇರೆಯೇ ಪಾತ್ರ ಮಾಡುತ್ತಿದ್ದಳು. 1911ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮೆರ್ಲ್ ಒಬೆರಾನ್ ಆಸ್ಕರ್ ಶ್ರೇಷ್ಠ ನಟಿ ಪ್ರಶಸ್ತಿಗೆ ನಾಮಕರಣಗೊಂಡವಳು. ತಾನು ಆಸ್ಟ್ರೇಲಿಯದ ಟಾಸ್ಮೇನಿಯದವಳೆಂದು ಬದುಕಿಡೀ ಹೇಳಿಕೊಂಡಳು. ಸಾಕಿ ಬೆಳೆಸಿದ ಕಪ್ಪು ಮೈಬಣ್ಣದ ಷಾರ್ಲಟ್‌ಳನ್ನು ಮನೆಗೆಲಸದವಳೆಂದು ಪರಿಚಯಿಸುತ್ತಿದ್ದಳೆಂದು ಅವಳ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಕಾನೂನು ಬಿಟ್ಟ ಜಾಗವನ್ನು ಬದುಕು ಹೀಗೆ ತುಂಬಿಕೊಂಡಿತು.

ಆದರೆ ತಾಯಿ ಪೂರ್ತಿ ಮರೆಯಾಗಲಿಲ್ಲ. ಅಡುಗೆಮನೆಯಲ್ಲಿ ಅವಳಿದ್ದಾಳೆ. ಆಂಗ್ಲೋ-ಇಂಡಿಯನ್ನರ 'ಪೆಪ್ಪರ್ ವಾಟರ್' ನಮ್ಮ ಮೆಣಸಿನ ಸಾರಿನ ಮಗಳು. ಹಳದಿ ಅನ್ನದ ಜೊತೆ ಬಡಿಸುವ 'ಬಾಲ್ ಕರಿ' ನಮ್ಮ ಕೋಫ್ತಾಕ್ಕೆ ಖಾಸಾ ತಂಗಿ. ಉರ್ದುವಿನಲ್ಲೂ ಅವಳಿದ್ದಾಳೆ. ಅಲೆಗ್ಸಾಂಡರ್ ಹೆದರ್ಲಿ ಎಂಬಾತ 'ಆಜಾದ್' ಎಂಬ ತಖಲ್ಲುಸ್ ಇಟ್ಟುಕೊಂಡು ಗಜಲ್ ಬರೆದ, ಗಾಲಿಬನ ಬಂಧು ಆರಿಫ್‌ನ ಶಿಷ್ಯನಾಗಿದ್ದ. ಇಂಥ ಕವಿಗಳ ಬಗ್ಗೆಯೇ ರಾಮ್ ಬಾಬು ಸಕ್ಸೇನಾ 1941ರಲ್ಲಿ ಒಂದು ದೊಡ್ಡ ಪುಸ್ತಕ ತಂದರು. ಉರ್ದು ಶಾಲೆಯಲ್ಲಿ ಕಲಿತ ನಮಗೆ ಈ ಕವಿಗಳ ಹೆಸರನ್ನು ಯಾವ ಉಸ್ತಾದರೂ ಹೇಳಿರಲಿಲ್ಲ. ತಂದೆಯ ಹೆಸರು ನೋಡಿ ಹೊರಗಿಡುವ ಕೆಲಸ ಸಂವಿಧಾನ ಬರೆದವರಷ್ಟೇ ಮಾಡಿದ್ದಲ್ಲ.

2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಕಾನೂನು ಮಂತ್ರಿಗಳು, 2011ರ ಜನಗಣತಿಯಂತೆ ದೇಶದಲ್ಲಿ ಆಂಗ್ಲೋ-ಇಂಡಿಯನ್ನರು 296 ಮಂದಿ ಎಂದರು. ಸಮುದಾಯದವರು ಒಪ್ಪಲಿಲ್ಲ. ಬೆಂಗಳೂರಿನ ಲಿಂಗರಾಜಪುರ, ಕುಕ್ ಟೌನ್ ಬಲ್ಲ ಯಾರಿಗೂ ಆ ಅಂಕಿ ನಂಬಲು ಕಷ್ಟವೇ. 2020ರ ಜನವರಿಯಲ್ಲಿ ಲೋಕಸಭೆಯ ಎರಡು ನಾಮಕರಣ ಸ್ಥಾನಗಳ, ನಮ್ಮದೂ ಸೇರಿ ವಿಧಾನಸಭೆಗಳ ಸ್ಥಾನಗಳ ಅವಕಾಶ ಮುಗಿಯಿತು. ಸ್ಥಾನ ಹೋಯಿತು, 366ನೇ ವಿಧಿಯ ವಿವರಣೆ ಮಾತ್ರ ಉಳಿದಿದೆ.

ಆ ವಿವರಣೆ ಬಿಟ್ಟ ತಾಯಂದಿರಲ್ಲಿ ಒಬ್ಬಳ ಹೆಸರಾದರೂ ನಮಗೆ ಚೆನ್ನಾಗಿ ಗೊತ್ತಿದೆ. ಹೈದರಾಬಾದಿನ ಖೈರುನ್ನಿಸಾ ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್‌ನನ್ನು ಮದುವೆಯಾದವಳು. 1805ರಲ್ಲಿ ಅವಳ ಇಬ್ಬರು ಪುಟ್ಟ ಮಕ್ಕಳನ್ನು ಇಂಗ್ಲೆಂಡಿಗೆ ಹಡಗು ಹತ್ತಿಸಿದರು. ಅದೇ ವರ್ಷ ಗಂಡ ತೀರಿಕೊಂಡ. ಸಾಹಿಬ್ ಬೇಗಂ ಎಂಬ ಮಗಳು ಅಲ್ಲಿ ಕ್ಯಾಥರೀನ್ ಆದಳು, ಕಿಟ್ಟಿ ಎಂದು ಹೆಸರಾದಳು. ಖೈರುನ್ನಿಸಾ ಮಕ್ಕಳ ಮುಖ ಮತ್ತೆ ಕಾಣದೆ 1813ರಲ್ಲಿ ಸತ್ತಳು. ಸುಮಾರು ಮೂವತ್ತು ವರ್ಷದ ಮೇಲೆ, ನಡುವಯಸ್ಸಿನ ಕಿಟ್ಟಿಗೆ ಹೈದರಾಬಾದಿನಲ್ಲಿ ಅಜ್ಜಿ ಷರಫುನ್ನಿಸಾ ಇನ್ನೂ ಬದುಕಿರುವುದು ತಿಳಿಯಿತು. ಅಜ್ಜಿ ಫಾರಸಿಯಲ್ಲಿ ಹೇಳಿ ಬರೆಸಿದಳು, ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆದಳು, ನಡುವೆ ಯಾರೋ ಅನುವಾದಿಸಿದರು. ಕಿಟ್ಟಿ ಆ ಕಾಗದಗಳಲ್ಲಿ ಕೇಳಿದ್ದೆಲ್ಲ ತಾಯಿಯ ವಿಷಯ.