ತೂಕದಿಂದ ಹೆಸರಿನೆಡೆಗೆ: ಹೆಲೆನ್ ಡ್ರಟ್ ಅವರ ಆಭರಣ ದೃಷ್ಟಿ ಮತ್ತು ಹೊಯ್ಸಳ ಸೀಮೆ

ಹಳೇಬೀಡಿನ ಸಮೀಪದ ಹುಲಿಕೆರೆಯ ಕಲ್ಯಾಣಿಯಿಂದ ಬೇಲೂರು, ಅರಸೀಕೆರೆಗಳವರೆಗೆ ಹರಡಿರುವ ಹೊಯ್ಸಳ ಸೀಮೆಯು ಆಭರಣಗಳ ಅಧ್ಯಯನಕ್ಕೆ ಒಂದು ಶಿಲಾಕೋಶವೇ ಸರಿ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಹಾರ, ತೋಳಬಂದಿ, ಡಾಬು, ಕಾಲ್ಗಡಗಗಳು ಸೂಕ್ಷ್ಮ ಕೆತ್ತನೆಗೆ ಹೆಸರಾಗಿವೆ. ಒಂದು ಶಿಲ್ಪದಲ್ಲಂತೂ ಕಲ್ಲಿನ ಬಳೆಯನ್ನು ಕೈಯ ಸುತ್ತ ಅಲುಗಾಡುವಂತೆ ಕಡೆಯಲಾಗಿದೆ. ಈ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ. ಆದರೆ ಆ ಒಡವೆಗಳ ರೂಪವನ್ನು ಲೋಹದಲ್ಲಿ ಸಾಧಿಸಿದ ಅಕ್ಕಸಾಲಿಗನ ಹೆಸರಿಗೆ ಅಲ್ಲಿ ಎಡೆಯಿಲ್ಲ.

ಈ ಅನಾಮಿಕತೆಯ ಕಾರಣವನ್ನು ಗಾದೆಯೊಂದರಲ್ಲಿ ಗುರುತಿಸಬಹುದು. ಅಕ್ಕಸಾಲಿಗನು ಸ್ವಂತ ಅಕ್ಕನ ಚಿನ್ನವನ್ನೂ ಬಿಡನೆಂಬ ಜನಪದರ ಮಾತು ಅವನ ಪ್ರತಿಭೆಯನ್ನಲ್ಲ, ಅವನ ತಕ್ಕಡಿಯನ್ನು ಕುರಿತದ್ದು. ಒಡವೆಯ ಬೆಲೆ ತೂಕದಲ್ಲಿ ನಿಂತಾಗ ಕರ್ತೃವು ಕಲಾವಿದನಾಗಿ ಮರೆಯಾಗಿ, ಶಂಕಿತನಾಗಿ ಮಾತ್ರ ಉಳಿಯುತ್ತಾನೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೆಲೆನ್ ಡ್ರಟ್ ಅವರು ನಡೆಸಿದ ಗ್ಯಾಲರಿಯ ಮಹತ್ವವನ್ನು ಈ ಹಿನ್ನೆಲೆಯಲ್ಲಿ ವಿವೇಚಿಸಬೇಕಾಗುತ್ತದೆ. 1967ರಲ್ಲಿ ಆ ನಗರದ ವೃತ್ತಿಪರ ಕುಶಲಕರ್ಮಿಗಳ ಮಂಡಳಿಯ ಸ್ಥಾಪನೆಯಲ್ಲಿ ಪಾಲ್ಗೊಂಡ ಅವರು, 1970ರ ದಶಕದ ಮೊದಲರ್ಧದಲ್ಲಿ ತಮ್ಮದೇ ಗ್ಯಾಲರಿಯನ್ನು ತೆರೆದು 2002ರವರೆಗೆ ನಡೆಸಿದರು. ಸ್ಟಾನ್ಲಿ ಲೆಕ್ಟ್‌ಜಿನ್, ಓಲಾಫ್ ಸ್ಕೂಗ್‌ಫೋರ್ಸ್ ಮೊದಲಾದವರ ಆಭರಣಗಳನ್ನು ಚಿತ್ರ-ಶಿಲ್ಪಗಳಿಗೆ ಸಲ್ಲುವ ಗೌರವದಿಂದಲೇ ಪ್ರದರ್ಶಿಸಿದರು. ಕರಕುಶಲ ಕಲೆಯ ಇತಿಹಾಸವನ್ನು ಬೋಧಿಸಿದರು. 1995ರಲ್ಲಿ ಪೀಟರ್ ಡಾರ್ಮರ್ ಅವರೊಡಗೂಡಿ ಸಮಕಾಲೀನ ಆಭರಣಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಮಾರಾಟ, ಬೋಧನೆ, ಬರಹ ಈ ಮೂರೂ ಒಂದೆಡೆ ಕೂಡಿದ್ದೇ ಅವರ ಸಾಧನೆಯ ವೈಶಿಷ್ಟ್ಯ.

ಈ ಪಂಥದ ಆಶಯಕ್ಕೆ ಎರಡು ನಿದರ್ಶನಗಳು ಸಾಕು. ಸ್ವಿಟ್ಜರ್ಲೆಂಡಿನ ಓಟೋ ಕುಂಜ್ಲಿ 1980ರಲ್ಲಿ ಚಿನ್ನದ ಗುಂಡನ್ನು ಕಪ್ಪು ರಬ್ಬರಿನ ಬಳೆಯೊಳಗೆ ಅಡಗಿಸಿಟ್ಟು, ತೂಕದ ಮೌಲ್ಯವನ್ನೇ ಕಣ್ಮರೆ ಮಾಡಿದರು. 1998ರಲ್ಲಿ ಡ್ರಟ್ ಅವರು ಮೆಡೆಲಿನ್ ಆಲ್‌ಬ್ರೈಟ್ ಗೌರವಾರ್ಥ ಏರ್ಪಡಿಸಿದ ಪದಕಗಳ ಪ್ರದರ್ಶನದಲ್ಲಿ, ಡಚ್ ಕಲಾವಿದ ಗೈಸ್ ಬಾಕ್ಕರ್ ಸ್ವಾತಂತ್ರ್ಯದೇವಿಯ ಕಣ್ಣುಗಳಾಗಿ ಎರಡು ಗಡಿಯಾರಗಳನ್ನಿರಿಸಿದ್ದರು. ಅವುಗಳಲ್ಲೊಂದು ತಲೆಕೆಳಗು, ಧರಿಸಿದವರೂ ಎದುರಿನವರೂ ಸಮಯ ನೋಡಬಹುದು. ಇಲ್ಲಿ ಬೆಲೆ ಲೋಹಕ್ಕಲ್ಲ, ಆಲೋಚನೆಗೆ.

ಆದಾಗ್ಯೂ ಈ ದೃಷ್ಟಿಗೆ ಮಿತಿಯಿದೆ. ಡ್ರಟ್ ಅವರ ಸಂಗ್ರಹವು 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯವನ್ನು ಸೇರಿತು. ಕರ್ತೃವಿನ ಹೆಸರು ಉಳಿಯಿತು, ಆದರೆ ಒಡವೆ ಮೈಯನ್ನು ತೊರೆದು ಗಾಜಿನ ಪೆಟ್ಟಿಗೆಯನ್ನು ಸೇರಿತು. ನಮ್ಮ ಬುಗುಡಿ, ಅಡ್ಡಿಕೆ, ಕಾಲುಂಗುರಗಳ ಬಾಳು ಇದಕ್ಕೆ ವಿರುದ್ಧವಾದುದು. ಅವು ಮದುವೆ, ಬಾಣಂತನ, ಸಾವುಗಳೊಡನೆ ಕೈಯಿಂದ ಕೈಗೆ ಸಾಗುತ್ತವೆ. ಕರಗಿ ಮತ್ತೆ ಹುಟ್ಟುತ್ತವೆ. ವಸ್ತು ಅಳಿದರೂ ವಿನ್ಯಾಸ ಉಳಿಯುವ ಈ ಪರಂಪರೆಗೆ ಗ್ಯಾಲರಿಯ ಮಾದರಿಯನ್ನು ಇದ್ದಂತೆಯೇ ಅನ್ವಯಿಸಲಾಗದು.

ಹಾಗಿದ್ದರೂ ಕಲಿಯಬೇಕಾದ ಪಾಠ ಒಂದಿದೆ. ಜಾನಪದ ಸಂಗ್ರಹಗಳ ಫಲಕಗಳಲ್ಲಿ ಒಡವೆಯ ಹೆಸರು, ಲೋಹ, ಪ್ರದೇಶಗಳಿಗೆ ದೊರೆಯುವ ಸ್ಥಾನ ಸಾಮಾನ್ಯವಾಗಿ ಮಾಡಿದವನಿಗೆ ದೊರೆಯುವುದಿಲ್ಲ. ಹಳೆಯ ಅಚ್ಚುಗಳನ್ನೂ ಅವುಗಳ ಕಥನವನ್ನೂ ಬಲ್ಲ ಹಿರಿಯ ಅಕ್ಕಸಾಲಿಗರು ಇರುವಾಗಲೇ ಕ್ಷೇತ್ರಕಾರ್ಯವು ಅವರ ಹೆಸರು, ಮನೆತನ, ಕಸುಬಿನ ನುಡಿಗಟ್ಟುಗಳನ್ನು ದಾಖಲಿಸಬೇಕಾಗಿದೆ. ದಾಸೋಜನಿಗೆ ಕಲ್ಲು ನೀಡಿದ ಗೌರವವನ್ನು ಅಕ್ಕಸಾಲಿಗನಿಗೆ ಸಂಶೋಧನೆಯಾದರೂ ನೀಡುವುದು ನ್ಯಾಯ.