ಕೆರೆದು ತೆಗೆದಷ್ಟೇ ಸಾಕು

ಹಳೆಯ ಗೋಡೆ ಜಾಹೀರಾತು ನೋಡಲು ಒಳ್ಳೆಯ ಹೊತ್ತು ಯಾವುದೆಂದು ಕೇಳಿದರೆ, ಮಳೆ ನಿಂತ ಮೇಲಿನ ಅರ್ಧ ಗಂಟೆ ಎನ್ನುತ್ತೇನೆ. ಬಿಸಿಲಲ್ಲಿ ಬೂದಿಯಂತೆ ಮಂಕಾಗಿದ್ದ ಅಕ್ಷರಗಳು ಇಟ್ಟಿಗೆ ನೆನೆದ ಕೂಡಲೇ ಒಂದೊಂದಾಗಿ ಎದ್ದು ಬರುತ್ತವೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಕಾರ್ಟರ್ಸ್‌ವಿಲ್, ಗಣಿಗಳನ್ನು ನೆಚ್ಚಿ ಬೆಳೆದ ಸಣ್ಣ ಊರು. ಬಣ್ಣ ತಯಾರಿಸುವ ಹಳದಿ ಕಾವಿಮಣ್ಣನ್ನೂ ಅಲ್ಲಿ ಅಗೆಯುತ್ತಿದ್ದರು. ಆ ಊರಿನ ಯಂಗ್ ಬ್ರದರ್ಸ್ ಔಷಧದ ಅಂಗಡಿಯ ಗೋಡೆಯ ಮೇಲೆ 1894ರಲ್ಲಿ ಜೇಮ್ಸ್ ಕೌಡನ್ ಎಂಬಾತ ಕೋಕಾ-ಕೋಲಾ ಜಾಹೀರಾತು ಬರೆದ. ಆತ ಸಿರಪ್ ಮಾರಲು ಬರುತ್ತಿದ್ದವನು. ಆಗ ಜನ ಆ ಪಾನೀಯವನ್ನು ಹೆಚ್ಚಾಗಿ ಔಷಧದಂಗಡಿಯ ಸೋಡಾ ಕಟ್ಟೆಯಲ್ಲಿ ನಿಂತು ಲೋಟದಲ್ಲಿ ಕುಡಿಯುತ್ತಿದ್ದರು. ಅಂಗಡಿಯ ಗೋಡೆಯೇ ಜಾಹೀರಾತಿಗೂ ಜಾಗವಾಯಿತು. ಕೋಕಾ-ಕೋಲಾದ ಮೊದಲ ಗೋಡೆ ಜಾಹೀರಾತು ಅದೇ ಎಂದು ಊರು ಹೆಮ್ಮೆಪಡುತ್ತದೆ.

ಮುಂದೆ ಅದರ ಮೇಲೆ ಬಣ್ಣದ ಮೇಲೆ ಬಣ್ಣ ಬಿತ್ತು. ಇಪ್ಪತ್ತಕ್ಕೂ ಹೆಚ್ಚು ಪದರ ಬಿಡಿಸಿದ ಮೇಲೆ ಹಳೆಯ ಬರಹ ಸಿಕ್ಕಿತು.

ಇಂಥ ಕೆಲಸದಲ್ಲಿ ನನ್ನ ಕಣ್ಣು ನೆಡುವುದು ಪದರ ಬಿಡಿಸುವ ಕೈಯ ಮೇಲೆ. ಮೊದಲು ಮೂಲೆಯಲ್ಲಿ ಅಂಗೈಯಗಲದ ಜಾಗ ಆರಿಸಿಕೊಳ್ಳಬೇಕು. ಬಣ್ಣ ಕರಗಿಸುವ ಲೇಪ ಹಚ್ಚಿ, ಮೇಲಿನ ಪದರ ಮೆತ್ತಗಾದ ಮೇಲೆ ಹತ್ತಿಯಿಂದ ಒರೆಸಿ, ಉಳಿದದ್ದನ್ನು ಸಣ್ಣ ಚಾಕುವಿನಿಂದ ಎಬ್ಬಿಸಬೇಕು. ಅವಸರಕ್ಕೆ ಮರಳು ಚಿಮ್ಮಿಸಿ ಉಜ್ಜಿದರೆ ಇಟ್ಟಿಗೆಯ ಸುಟ್ಟ ಹೊರಮೈ ಕಿತ್ತುಹೋಗುತ್ತದೆ. ಅಕ್ಷರವೂ ಅದರ ಜೊತೆಗೇ ಹೋಗುತ್ತದೆ. ಹಳೆಯ ಬಣ್ಣದಲ್ಲಿ ಅಗಸೆ ಎಣ್ಣೆಯೊಂದಿಗೆ ಸೀಸವೂ ಇರುತ್ತಿತ್ತು. ಸುತ್ತಲಿನ ಬಣ್ಣ ಮಾಸಿದರೂ ಬಿಳಿ ಅಕ್ಷರ ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ. ಆ ಸೀಸದ ಧೂಳು ವಿಷ. ಹಾಗಾಗಿ ಒಣ ಗೋಡೆಯನ್ನು ಉಜ್ಜುವುದೇ ತಪ್ಪು.

ಅಕ್ಷರ ಸಿಕ್ಕಿದ ಮೇಲೆ ಏನು ಮಾಡಬೇಕು? ಕಾರ್ಟರ್ಸ್‌ವಿಲ್‌ನ ಗೋಡೆ ಮತ್ತೆ ಬಣ್ಣ ಹಚ್ಚಿಸಿಕೊಂಡು ಇಂದು ಹೊಸದರಂತೆ ಕೆಂಪಗೆ ಹೊಳೆಯುತ್ತದೆ. ಊರಿನವರ ಸಂಭ್ರಮ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸು ಒಪ್ಪುವುದು ಮಾಸಿದ ಅಕ್ಷರವನ್ನೇ. ಹೊಸ ಬಣ್ಣ ಹಳೆಯ ಕುಂಚದ ಎಳೆಯನ್ನು ಮುಚ್ಚುತ್ತದೆ. ತಿರುವಿನಲ್ಲಿ ಕೈ ಎಲ್ಲಿ ನಿಧಾನವಾಯಿತು, ಬಣ್ಣ ಎಲ್ಲಿ ಮುಗಿದು ಮತ್ತೆ ಅದ್ದಿದ ಎಂಬ ಗುರುತು ಅಲ್ಲಿಗೆ ಅಳಿಯಿತು. ಮೇಲಾಗಿ, ಪ್ಲಾಸ್ಟಿಕ್‌ನಂತೆ ಕೂರುವ ಬಣ್ಣ ಗೋಡೆಯ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಒಳಗೆ ಉಪ್ಪು ಹರಳುಗಟ್ಟಿ, ಇಟ್ಟಿಗೆ ಪುಡಿಯಾಗುತ್ತದೆ. ಬರೆಯಲೇಬೇಕೆಂದರೆ, ಮುಂದೆ ಬೇಡವೆನಿಸಿದಾಗ ತೆಗೆಯಲು ಬರುವ, ಗೋಡೆಗೆ ಉಸಿರಾಡಲು ಬಿಡುವ ಬಣ್ಣವನ್ನು ಆರಿಸಿ, ಅಕ್ಷರ ತೀರಾ ಹರಿದ ಕಡೆ ಮಾತ್ರ ಹಚ್ಚಬೇಕು.

ಭದ್ರಾವತಿ, ಹರಿಹರ, ದಾಂಡೇಲಿಯಂಥ ನಮ್ಮ ಕಾರ್ಖಾನೆ ಊರುಗಳಲ್ಲಿ ಹಳೆಯ ಗೋಡೆಬರಹ ಕಂಡರೆ ಮೊದಲು ಫೋಟೊ ತೆಗೆಯಿರಿ, ಅದೂ ಮಳೆ ನಿಂತ ಮೇಲೆ. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಬೋರ್ಡು ಬರೆಯುವವರೊಬ್ಬರನ್ನು ಕರೆದು ತೋರಿಸಿ. ದಾರ ಹಿಡಿದು ಗೆರೆ ಹೊಡೆದ ಗುರುತನ್ನು ಅವರು ಬೆರಳಿಟ್ಟು ತೋರಿಸುತ್ತಾರೆ. ಆ ಗೆರೆ ಉಳಿಯುವಂತೆ ನೋಡಿಕೊಳ್ಳಿ. ಬಣ್ಣದ ಡಬ್ಬಿ ತೆರೆಯುವ ಮಾತು ಆಮೇಲೆ.